ಏಳಲೊಲ್ಲದ ಲ್ಯಾಪ್‌ಟಾಪು

(ಮಣಿಕೊಂಡದಲ್ಲಿ ನಡೆದ ಸಂಘದ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಪಂಪನನ್ನು ಕುರಿತೋ ಬಸವಣ್ಣನವರನ್ನು ಕುರಿತೋ ಮಾತನಾಡುವುದು ರೂಢಿ. ಈ ಸಲ ಸಮಿತಿಯವರು ನಮಗೆ ಒಪ್ಪಿಸಿದ ವಿಷಯ, ಗುಂಡಿ ಒತ್ತಿದರೂ ಏಳಲೊಲ್ಲದ ಲ್ಯಾಪ್‌ಟಾಪು. ಇದನ್ನು ಕೇಳಿ ಕೆಲವರು ನಕ್ಕರಂತೆ. ನಗಲಿ, ಆದರೆ ತಮ್ಮ ಮನೆಯ ಯಂತ್ರ ಒಂದು ದಿನ ಕಪ್ಪು ಮುಖ ಮಾಡಿ ಕುಳಿತರೆ ಆಗ ಈ ಮಾತು ನೆನಪಿಗೆ ಬಂದೀತು.

ಕಾಚಿಗುಡ, ಸುಲ್ತಾನ್ ಬಜಾರುಗಳ ಕಡೆಯ ಹಳೆಯ ಕನ್ನಡ ಮನೆತನಗಳ ಕಥೆ ಬೇರೆ. ಕಲಬುರಗಿ, ರಾಯಚೂರು, ಬೀದರುಗಳು ೧೯೫೬ರ ನವೆಂಬರ್ ೧ರ ವರೆಗೂ ಹೈದರಾಬಾದಿಗೇ ಸೇರಿದ್ದುದರಿಂದ ಅವರಲ್ಲಿ ಅನೇಕರಿಗೆ ಇದು ಪರಸ್ಥಳವೇ ಆಗಿರಲಿಲ್ಲ. ಮಣಿಕೊಂಡದ ನಾವು ಹಾಗಲ್ಲ. ಗಚ್ಚಿಬೌಲಿ, ನಾನಕ್‌ರಾಮ್‌ಗುಡಗಳ ಕಚೇರಿಗಳಿಗೆ ಹತ್ತಿರವೆಂಬ ಕಾರಣಕ್ಕೆ ಇಲ್ಲಿ ಬಾಡಿಗೆಗೆ ಬಂದು ನಿಂತವರು ನಮ್ಮಲ್ಲಿ ಹೆಚ್ಚು. ಈ ಯಂತ್ರವೇ ನಮ್ಮನ್ನು ಇಲ್ಲಿಗೆ ಕರೆತಂದಿತೆಂದರೂ ತಪ್ಪಿಲ್ಲ.

ಕಚೇರಿಯ ಲ್ಯಾಪ್‌ಟಾಪಿನ ಮಾತನ್ನು ನಾವು ಆಡುವುದಿಲ್ಲ. ಅದು ಕೆಟ್ಟರೆ ನೋಡುವುದಕ್ಕೆ ಜನರಿದ್ದಾರೆ. ನಾವು ಹೇಳುವುದು ಮನೆಯದನ್ನು. ಮಗ ಹೊಸದನ್ನು ಕೊಂಡಾಗ ತಂದೆಗೆ ಬಿಟ್ಟುಕೊಟ್ಟ, ಅಡುಗೆಮನೆಯ ಪಕ್ಕದ ಮೇಜಿನ ಮೇಲಿರುವ ಹಳೆಯದನ್ನು. ಅದರೊಳಗೆ ತಂದೆಯ ಪಿಂಚಣಿಯ ಕಾಗದಗಳಿವೆ, ಊರಿನ ಜಮೀನಿನ ಪಹಣಿಯ ಪ್ರತಿಗಳಿವೆ, ಮದುವೆ ಮುಂಜಿಗಳ ಚಿತ್ರಗಳಿವೆ. ನಮ್ಮ ಬಳಗದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಹಾಡಿದ ಸೋಬಾನೆ ಪದಗಳಿದ್ದುವು. ಮೊಮ್ಮಗಳು ಎರಡು ಬೇಸಗೆ ರಜೆಗಳಲ್ಲಿ ಊರಿಗೆ ಹೋಗಿ, ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿ ಧ್ವನಿಮುದ್ರಣ ಮಾಡಿಕೊಂಡು ಬಂದಿದ್ದಳು. ಅಜ್ಜಿ ತೀರಿಕೊಂಡರು. ಮರುವರ್ಷ ಲ್ಯಾಪ್‌ಟಾಪು ಏಳಲಿಲ್ಲ. ರಿಪೇರಿಯವರು ಒಂದೇ ದಿನದಲ್ಲಿ ಅದನ್ನು ಎಬ್ಬಿಸಿ, ‘ಹೊಸದರಂತೆ ಮಾಡಿದ್ದೇವೆ’ ಎಂದು ಕೊಟ್ಟರು. ಹೊಸದರಂತೆಯೇ ಇತ್ತು, ಒಳಗೆ ಏನೂ ಇರಲಿಲ್ಲ. ಅವರ ತಪ್ಪೆಂದು ನಾವು ಹೇಳಲಾರೆವು. ಏಳಿಸಿಕೊಡಿ ಎಂದು ಕೇಳಿದ್ದರು, ಏಳಿಸಿಕೊಟ್ಟರು. ಹಾಡುಗಳು ಬೇಕೆಂದು ಯಾರೂ ಹೇಳಿರಲಿಲ್ಲ.

ಯಂತ್ರ ಬೇರೆ, ಅದರೊಳಗಿನ ಬರಹ ಬೇರೆ. ಯಂತ್ರ ಏಳಲಿಲ್ಲವೆಂದ ಮಾತ್ರಕ್ಕೆ ಬರಹ ಹೋಯಿತೆಂದು ಅರ್ಥವಲ್ಲ. ಬಹಳ ಸಲ ಅದು ಸುರಕ್ಷಿತವಾಗಿಯೇ ಇರುತ್ತದೆ. ಆಮೇಲೆ ನಾವು ಮಾಡುವ ಅವಸರದಿಂದ ಹೋಗುತ್ತದೆ. ಆದುದರಿಂದ ಎಬ್ಬಿಸುವುದು ಹೇಗೆ ಎಂಬುದಕ್ಕಿಂತ ಮೊದಲು ಕೇಳಬೇಕಾದುದು, ಇದು ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು.

ಲ್ಯಾಪ್‌ಟಾಪು ಏಳುವ ಕ್ರಿಯೆಗೆ ‘ಬೂಟ್’ ಎಂಬ ಹೆಸರುಂಟು. ಬೂಟಿನ ಹಿಂಬದಿಯ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಎಂಬ ಇಂಗ್ಲಿಷಿನ ಗಾದೆಯಂಥ ಮಾತಿನಿಂದ ಬಂದದ್ದು. ತನ್ನ ಹೆಗಲ ಮೇಲೆ ತಾನೇ ಹತ್ತಿದಂತೆ ಎಂದು ನಾವು ಹೇಳಬಹುದು. ಹೆಸರು ಸರಿಯಾಗಿಯೇ ಇದೆ. ಯಂತ್ರಕ್ಕೆ ಏನು ಮಾಡಬೇಕೆಂದು ಹೇಳುವ ತಂತ್ರಾಂಶ ಡಿಸ್ಕಿನಲ್ಲಿದೆ. ಆ ಡಿಸ್ಕನ್ನು ಓದುವುದಕ್ಕೂ ಒಂದು ತಂತ್ರಾಂಶ ಬೇಕು. ಆದುದರಿಂದ ತಾಯಿಹಲಗೆಯ ಮೇಲಿನ ಪುಟ್ಟ ಚಿಪ್ಪೊಂದರಲ್ಲಿ ಮೊದಲ ಪಾಠವನ್ನು ಬರೆದಿಟ್ಟಿರುತ್ತಾರೆ. ವಿದ್ಯುತ್ತು ಬಂದೊಡನೆ ಪ್ರೊಸೆಸರು ಆ ಪಾಠವನ್ನು ಓದುತ್ತದೆ, ಸ್ಮರಣೆಯ ಚಿಪ್ಪುಗಳನ್ನೂ ಕೀಲಿಮಣೆಯನ್ನೂ ಪರದೆಯನ್ನೂ ಮುಟ್ಟಿ ನೋಡುತ್ತದೆ, ಡಿಸ್ಕನ್ನು ಹುಡುಕುತ್ತದೆ, ಅಲ್ಲಿರುವ ವಿಂಡೋಸನ್ನು ಕರೆಯುತ್ತದೆ. ವಿಂಡೋಸು ಬಂದು ನಮ್ಮ ಗುಪ್ತಪದವನ್ನು ಕೇಳುತ್ತದೆ. ವಿದ್ಯುತ್ತು, ಸ್ವಪರೀಕ್ಷೆ, ಡಿಸ್ಕು, ವಿಂಡೋಸು, ಬಾಗಿಲ ಕಾವಲು ಎಂಬ ಈ ಸಾಲಿನಲ್ಲಿ ಎಲ್ಲಿಯೋ ಒಂದು ಕಡೆ ಕಾಲು ಜಾರಿದೆ. ಎಲ್ಲಿ ಎಂಬುದನ್ನು ಕಣ್ಣು ಕಿವಿಗಳಿಂದಲೇ ಬಹುಮಟ್ಟಿಗೆ ತಿಳಿಯಬಹುದು.

ಗುಂಡಿ ಒತ್ತಿದರೆ ದೀಪವಿಲ್ಲ, ಫ್ಯಾನಿನ ಸದ್ದಿಲ್ಲ, ಉಸಿರೇ ಇಲ್ಲ ಎನ್ನೋಣ. ನೋಡುವುದಕ್ಕೆ ಇದೇ ಎಲ್ಲಕ್ಕಿಂತ ಭಯಂಕರ. ಒಳಗಿನ ಬರಹದ ಮಟ್ಟಿಗೆ ಇದೇ ಎಲ್ಲಕ್ಕಿಂತ ನಿರಪಾಯ. ಡಿಸ್ಕಿನ ವರೆಗೆ ವಿಷಯ ಹೋಗಿಯೇ ಇಲ್ಲವಲ್ಲ! ಗೋಡೆಯ ಪ್ಲಗ್ಗಿಗೆ ಬೇರೆ ಏನನ್ನಾದರೂ ಸಿಕ್ಕಿಸಿ ವಿದ್ಯುತ್ತು ಇದೆಯೆ ನೋಡಿ. ನಡುವೆ ಎಕ್ಸ್‌ಟೆನ್ಷನ್ ಪಟ್ಟಿ ಇದ್ದರೆ ತೆಗೆದುಬಿಡಿ. ಚಾರ್ಜರಿನ ಮೇಲೆ ದೀಪವಿದ್ದರೆ ಅದು ಉರಿಯುತ್ತಿದೆಯೆ? ಈಗಿನ ಅನೇಕ ಲ್ಯಾಪ್‌ಟಾಪುಗಳಿಗೂ ಮೊಬೈಲುಗಳಿಗೂ ‘ಸಿ’ ಮಾದರಿಯ ಒಂದೇ ಮೂತಿಯ ಚಾರ್ಜರು. ಮೂತಿ ಒಂದೇ ಆದರೂ ಶಕ್ತಿ ಒಂದೇ ಅಲ್ಲ. ಮೊಬೈಲಿನದು ೧೮ ಅಥವಾ ೨೦ ವ್ಯಾಟಿನದಿರಬಹುದು, ಲ್ಯಾಪ್‌ಟಾಪು ಕೇಳುವುದು ೪೫ ಅಥವಾ ೬೫ ವ್ಯಾಟನ್ನು. ಚೊಂಬಿನಲ್ಲಿ ನೀರು ತಂದು ಗದ್ದೆಗೆ ಹಾಯಿಸಿದ ಹಾಗೆ. ರಾತ್ರಿಯೆಲ್ಲ ಮೊಬೈಲಿನ ಚಾರ್ಜರನ್ನು ಸಿಕ್ಕಿಸಿಟ್ಟು ಬೆಳಿಗ್ಗೆ ‘ಸತ್ತಿದೆ’ ಎಂದು ನಿರ್ಣಯಿಸಿದ ಲ್ಯಾಪ್‌ಟಾಪುಗಳನ್ನು ನಾವು ಬಲ್ಲೆವು.

ಇದೆಲ್ಲ ಸರಿಯಿದ್ದರೆ ಮುಂದಿನ ಉಪಾಯ ಬಹಳ ಸರಳವಾದುದು. ಸರಳವಾದ್ದರಿಂದಲೇ ಜನ ನಂಬುವುದಿಲ್ಲ. ಚಾರ್ಜರನ್ನೂ, ಮೌಸ್, ಪೆನ್ ಡ್ರೈವ್ ಮೊದಲಾಗಿ ಸಿಕ್ಕಿಸಿದ್ದೆಲ್ಲವನ್ನೂ ಕೀಳಬೇಕು. ಬ್ಯಾಟರಿ ಹೊರಗೆ ಬರುವ ಹಳೆಯ ಮಾದರಿಯಾದರೆ ಅದನ್ನೂ ತೆಗೆಯಬೇಕು. ಬಳಿಕ ಗುಂಡಿಯನ್ನು ೩೦ ಸೆಕೆಂಡು ಒತ್ತಿ ಹಿಡಿದು ಬಿಡಬೇಕು. ಆಮೇಲೆ ಚಾರ್ಜರನ್ನು ಮಾತ್ರ ಸೇರಿಸಿ ಮತ್ತೆ ಒತ್ತಬೇಕು. ಇದೇನು ಮಂತ್ರವೆ? ಅಲ್ಲ. ಲ್ಯಾಪ್‌ಟಾಪು ಆರಿದ್ದಾಗಲೂ ಒಳಗೊಂದು ಸಣ್ಣ ನಿಯಂತ್ರಕ ಎಚ್ಚರವಾಗಿರುತ್ತದೆ. ಗುಂಡಿಯನ್ನೂ ಬ್ಯಾಟರಿಯನ್ನೂ ಚಾರ್ಜರನ್ನೂ ಕಾಯುವ ತಳವಾರ ಅದು. ಗುಡುಗು ಮಳೆಯ ಸಂಜೆ ಕರೆಂಟು ಹೋಗಿ ಬಂದು ಮಾಡಿದಾಗ ಈ ತಳವಾರ ಅರೆ ಎಚ್ಚರದಲ್ಲಿ ಸಿಕ್ಕಿಕೊಳ್ಳುವುದುಂಟು. ಉಳಿದ ವಿದ್ಯುತ್ತನ್ನು ಹರಿಯಗೊಟ್ಟರೆ ಅದು ಮೊದಲಿಂದ ಪಾಠ ಶುರುಮಾಡುತ್ತದೆ. ಎಷ್ಟೋ ಲ್ಯಾಪ್‌ಟಾಪುಗಳು ಇಷ್ಟರಿಂದಲೇ ಎದ್ದಿವೆ.

ಇಲ್ಲಿ ಒಂದು ಎಚ್ಚರಿಕೆ. ಸ್ಪರ್ಶಫಲಕ ಉಬ್ಬಿದ್ದರೆ, ಅಥವಾ ಮುಚ್ಚಿದಾಗ ಎರಡು ಹೋಳುಗಳು ಕೂಡದಿದ್ದರೆ, ಒಳಗಿನ ಲಿಥಿಯಂ ಬ್ಯಾಟರಿ ಬಾತಿದೆಯೆಂದು ತಿಳಿಯತಕ್ಕದ್ದು. ಅದನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಬಾರದು. ಅದು ಬೆಂಕಿಯ ವಸ್ತು. ಮಕ್ಕಳ ಕೈಗೆ ಸಿಗದಂತೆ ಇಟ್ಟು ತಿಳಿದವರ ಬಳಿಗೆ ಒಯ್ಯಬೇಕು. ತೆಗೆದ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು.

ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಆಗ ಯಂತ್ರ ಎದ್ದಿದ್ದೂ ನಮಗೆ ಕಾಣಿಸದಿರಬಹುದು. ಎಚ್‌ಡಿಎಂಐ ತಂತಿಯಿಂದ ಮನೆಯ ಟೀವಿಗೆ ಜೋಡಿಸಿ ನೋಡಿ. ಅಲ್ಲಿ ಚಿತ್ರ ಬಂದರೆ ರೋಗ ಪರದೆಯದು, ಕಡತಗಳನ್ನು ಆ ಟೀವಿಯಲ್ಲೇ ನೋಡುತ್ತ ಪೆನ್ ಡ್ರೈವಿಗೆ ತುಂಬಿಕೊಳ್ಳಬಹುದು. ಟೀವಿ ಇಲ್ಲದಿದ್ದರೆ ಕತ್ತಲೆ ಕೋಣೆಯಲ್ಲಿ ಪರದೆಗೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಮಸುಕಾದ ಅಕ್ಷರಗಳು ಕಂಡರೆ ಹಿಂಬೆಳಕು ಮಾತ್ರ ಹೋಗಿದೆ. ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿದಾಗಲೆಲ್ಲ ಅದರ ದೀಪ ಹೊತ್ತಿ ಆರುತ್ತಿದ್ದರೆ ಯಂತ್ರದ ಬುದ್ಧಿ ನೆಟ್ಟಗಿದೆ ಎನ್ನಬಹುದು. ಇವಾವುವೂ ಇಲ್ಲದೆ ಬೀಪ್ ಬೀಪ್ ಎಂದು ಕೂಗಿದರೆ, ಇಲ್ಲವೆ ದೀಪವೊಂದು ಲೆಕ್ಕವಿಟ್ಟಂತೆ ಮಿಟುಕಿದರೆ, ಅದು ಸ್ವಪರೀಕ್ಷೆಯಲ್ಲಿ ಸೋತಿದೆ, ಸೋತದ್ದು ಎಲ್ಲಿ ಎಂದು ಹೇಳುತ್ತಿದೆ. ಈ ಸಂಕೇತ ತಯಾರಕರಿಂದ ತಯಾರಕರಿಗೆ ಬೇರೆ. ಎಷ್ಟು ಸಲ ಕೂಗಿತೆಂದು ವಾದಿಸುವುದರ ಬದಲು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ರಿಪೇರಿಯವರಿಗೆ ತೋರಿಸಿದರೆ ಅರ್ಧ ಕೆಲಸವಾಯಿತು. ಬಹುಮಟ್ಟಿಗೆ ಇಲ್ಲಿ ಅಪರಾಧಿ ಸ್ಮರಣೆಯ ಚಿಪ್ಪಿನ ಪಟ್ಟಿ. ಬಿಡಿಯಾಗಿ ಸಿಕ್ಕಿಸುವಂಥದಾದರೆ ತೆಗೆದು ಮತ್ತೆ ಕೂರಿಸುವುದರಿಂದಲೇ ಸರಿಹೋಗುವುದುಂಟು. ಈಗಿನ ತೆಳು ಮಾದರಿಗಳಲ್ಲಿ ಅದನ್ನು ಹಲಗೆಗೇ ಬೆಸೆದುಬಿಡುತ್ತಾರೆ.

ತಯಾರಕರ ಗುರುತು ಪರದೆಯ ಮೇಲೆ ಬಂದು, ಆಮೇಲೆ ಬೂಟ್ ಮಾಡತಕ್ಕ ಸಾಧನ ಸಿಗಲಿಲ್ಲವೆಂದು ಇಂಗ್ಲಿಷಿನಲ್ಲಿ ಬರೆದು ನಿಂತರೆ, ಇನ್ನು ಮೇಲೆ ಕೈ ಹಗುರವಾಗಿರಬೇಕು. ಬರಹ ಇರುವ ಮನೆಯ ಹೊಸ್ತಿಲಿಗೆ ಬಂದಿದ್ದೇವೆ. ಮೊದಲು ಪೆನ್ ಡ್ರೈವ್ ಯಾವುದಾದರೂ ಸಿಕ್ಕಿಕೊಂಡಿದೆಯೆ ನೋಡಿ. ಯಂತ್ರ ಅದರಲ್ಲಿ ವಿಂಡೋಸನ್ನು ಹುಡುಕಿ ಬೇಸತ್ತಿರಬಹುದು. ಬಳಿಕ ಏಳುವಾಗಲೇ ಎಫ್೨ ಅಥವಾ ಡಿಲೀಟ್ ಕೀಲಿಯನ್ನು (ಕೆಲವು ತಯಾರಕರಲ್ಲಿ ಬೇರೆ ಕೀಲಿ) ಒತ್ತುತ್ತ ಹೋದರೆ ಆ ಮೊದಲ ಪಾಠದ ಪುಟ ತೆರೆಯುತ್ತದೆ. ಅಲ್ಲಿ ಡಿಸ್ಕಿನ ಹೆಸರು ಕಂಡರೆ ಡಿಸ್ಕು ಜೀವಂತವಾಗಿದೆ. ಕಾಣದಿದ್ದರೆ ಸಡಿಲವಾಗಿರಬಹುದು, ಸತ್ತಿರಲೂಬಹುದು. ತಿರುಗುವ ಹಳೆಯ ಹಾರ್ಡ್ ಡಿಸ್ಕು ಟಿಕ್ ಟಿಕ್ ಎಂದು ಮತ್ತೆ ಮತ್ತೆ ಒಂದೇ ಸದ್ದು ಮಾಡುತ್ತಿದ್ದರೆ ಕೂಡಲೆ ಆರಿಸಿಬಿಡಿ. ಓದುವ ಮುಳ್ಳು ತಡವರಿಸುತ್ತಿದೆ. ‘ಇನ್ನೊಂದು ಸಲ ನೋಡೋಣ’ ಎಂಬ ಪ್ರತಿಯೊಂದು ಪ್ರಯತ್ನವೂ ಉಳಿದಿದ್ದನ್ನು ಕೆರೆದು ಹಾಕೀತು. ಹೊಸ ಎಸ್‌ಎಸ್‌ಡಿಗಳಲ್ಲಿ ತಿರುಗುವ ಭಾಗವೇ ಇಲ್ಲದ ಕಾರಣ ಈ ಸದ್ದೂ ಇಲ್ಲ; ಹೇಳದೆ ಕೇಳದೆ ಹೋಗುವ ಸ್ವಭಾವ ಅವುಗಳದು.

ಇನ್ನು ವಿಂಡೋಸು ಏಳತೊಡಗಿ, ನಡುವೆ ಬಿದ್ದು, ಮತ್ತೆ ಮೊದಲಿಂದ ಏಳುವ ರೋಗ. ಇದಕ್ಕೆ ಜಗತ್ತಿನಲ್ಲೇ ದೊಡ್ಡ ನಿದರ್ಶನವನ್ನು ನಾವೆಲ್ಲ ಕಂಡಿದ್ದೇವೆ. ೨೦೨೪ರ ಜುಲೈ ೧೯, ಶುಕ್ರವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ೯ ಗಂಟೆ ೩೯ ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆ ತನ್ನ ರಕ್ಷಣಾ ತಂತ್ರಾಂಶಕ್ಕೆ ಒಂದು ಪರಿಷ್ಕರಣವನ್ನು ಕಳಿಸಿತು. ಅದರಲ್ಲಿ ದೋಷವಿತ್ತು. ೭೮ ನಿಮಿಷಗಳಲ್ಲಿ ಅದನ್ನು ಹಿಂದೆಗೆದುಕೊಂಡರು, ಆದರೆ ಅಷ್ಟರಲ್ಲಿ ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಬಿದ್ದಿದ್ದುವು. ಮನೆಯ ಯಂತ್ರಗಳಲ್ಲಿ ಆ ತಂತ್ರಾಂಶ ಇರುವುದಿಲ್ಲ. ಪೆಟ್ಟು ಬಿದ್ದದ್ದು ಬ್ಯಾಂಕು, ಆಸ್ಪತ್ರೆ, ವಿಮಾನ ನಿಲ್ದಾಣಗಳಿಗೆ. ನಮ್ಮ ಶಂಷಾಬಾದಿನ ನಿಲ್ದಾಣದಲ್ಲಿ ಆ ದಿನ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸುಗಳನ್ನು ಕೊಟ್ಟರು. ಹೈದರಾಬಾದಿನಿಂದ ಕೋಲ್ಕತ್ತಕ್ಕೆ ಹೊರಟ ಒಬ್ಬರ ಕೈಬರಹದ ಪಾಸಿನ ಚಿತ್ರ ಲೋಕವನ್ನೆಲ್ಲ ಸುತ್ತಿತು.

ಈ ಪ್ರಸಂಗವನ್ನು ಹೇಳಿದ್ದು ಬೆರಗಿಗಾಗಿ ಅಲ್ಲ. ಆ ೮೫ ಲಕ್ಷ ಯಂತ್ರಗಳಲ್ಲಿ ಯಾವ ಬಿಡಿಭಾಗವೂ ಕೆಟ್ಟಿರಲಿಲ್ಲ, ಒಳಗಿನ ಬರಹವೂ ಅಳಿಸಿರಲಿಲ್ಲ. ವಿಂಡೋಸನ್ನು ‘ಸೇಫ್ ಮೋಡ್’ ಎಂಬ ಮಿತಾಹಾರದ ಸ್ಥಿತಿಯಲ್ಲಿ ಎಬ್ಬಿಸಿ, ಒಂದೇ ಒಂದು ಕಡತವನ್ನು ಅಳಿಸಿದರೆ ಸಾಕಾಗಿತ್ತು. ಆದರೆ ಏಳದ ಯಂತ್ರಕ್ಕೆ ದೂರದಿಂದ ಏನನ್ನೂ ಹೇಳುವಂತಿಲ್ಲ. ಎಷ್ಟೋ ಕಡೆ ಪ್ರತಿಯೊಂದರ ಮುಂದೆಯೂ ಒಬ್ಬರು ಹೋಗಿ ಕೂರಬೇಕಾಯಿತು. ಕೂತವರಲ್ಲಿ ಅನೇಕರಿಗೆ ಇನ್ನೊಂದು ಅಡ್ಡಿ ಎದುರಾಯಿತು: ಡಿಸ್ಕಿಗೆ ಬೀಗ ಹಾಕಿತ್ತು. ೪೮ ಅಂಕಿಗಳ ಕೀಲಿಸಂಖ್ಯೆಯನ್ನು ಹೊಡೆಯದೆ ಆ ಒಂದು ಕಡತದ ಹತ್ತಿರ ಹೋಗುವಂತಿರಲಿಲ್ಲ.

ನಮ್ಮ ಮನೆಯ ಯಂತ್ರವೂ ಏಳುವಾಗ ಒಂದರ ಹಿಂದೊಂದರಂತೆ ಬಿದ್ದರೆ ವಿಂಡೋಸು ತಾನಾಗಿಯೇ ಒಂದು ಚಿಕಿತ್ಸೆಯ ಪುಟವನ್ನು ತೆರೆಯುತ್ತದೆ. ಅಲ್ಲಿ ಆರಂಭದ ರಿಪೇರಿ, ಇತ್ತೀಚಿನ ಪರಿಷ್ಕರಣವನ್ನು ತೆಗೆಯುವುದು, ಹಿಂದಿನ ಒಂದು ದಿನದ ಸ್ಥಿತಿಗೆ ಮರಳುವುದು, ಸೇಫ್ ಮೋಡ್ ಮುಂತಾದವು ಇರುತ್ತವೆ. ಇವನ್ನು ಧೈರ್ಯವಾಗಿ ಪ್ರಯತ್ನಿಸಬಹುದು. ಚಿತ್ರಗಳಿಗೂ ಕಾಗದಗಳಿಗೂ ಇವು ಕೈ ಹಚ್ಚುವುದಿಲ್ಲ. ಅದೇ ಪುಟದಲ್ಲಿ ‘ರೀಸೆಟ್’ ಎಂಬ ಇನ್ನೊಂದುಂಟು. ಅದು ಕಡತಗಳನ್ನು ಉಳಿಸಲೆ, ಎಲ್ಲವನ್ನೂ ತೆಗೆಯಲೆ ಎಂದು ಕೇಳುತ್ತದೆ. ಅವಸರದಲ್ಲಿ ಎರಡನೆಯದನ್ನು ಒತ್ತಿದರೆ ಆ ಸೋಬಾನೆ ಪದಗಳ ಗತಿಯೇ. ಮೊದಲನೆಯದನ್ನು ಒತ್ತಿದರೂ ನಾವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ. ನುಡಿ, ಬರಹಗಳನ್ನು ಮತ್ತೆ ಸ್ಥಾಪಿಸಬೇಕಾಗುತ್ತದೆ.

ಕೊನೆಯದು ಬಾಗಿಲ ಕಾವಲು. ಎಲ್ಲ ಸರಿಯಾಗಿ ಎದ್ದು, ಗುಪ್ತಪದ ಮಾತ್ರ ತಪ್ಪೆಂದು ಯಂತ್ರ ಹಟ ಹಿಡಿಯುತ್ತದೆ. ಇದು ಕನ್ನಡದವರಿಗೆ ವಿಶೇಷವಾಗಿ ಬರತಕ್ಕ ತೊಂದರೆ. ಹಿಂದಿನ ರಾತ್ರಿ ಕನ್ನಡದಲ್ಲಿ ಏನನ್ನೋ ಬೆರಳಚ್ಚು ಮಾಡಿ ಕೀಲಿಮಣೆಯನ್ನು ಕನ್ನಡದಲ್ಲೇ ಬಿಟ್ಟಿದ್ದರೆ, ಇಂಗ್ಲಿಷಿನ ಗುಪ್ತಪದ ಒಳಗೆ ಹೋಗುವಾಗ ಕನ್ನಡವಾಗಿರುತ್ತದೆ. ಚುಕ್ಕಿಗಳಷ್ಟೇ ಕಾಣುವುದರಿಂದ ನಮಗೆ ತಿಳಿಯುವುದಿಲ್ಲ. ಪರದೆಯ ಕೆಳಮೂಲೆಯಲ್ಲಿ ಭಾಷೆಯ ಗುರುತನ್ನು ನೋಡಿ. ವಿಂಡೋಸ್ ಕೀಲಿಯನ್ನು ಹಿಡಿದು ಸ್ಪೇಸನ್ನು ಒತ್ತಿದರೆ ಬದಲಾಗುತ್ತದೆ. ನಾಡಹಬ್ಬದ ದಿನ ಹೇಳಬಾರದ ಮಾತಾದರೂ, ಅಲ್ಲಿ ಸ್ವಲ್ಪ ಹೊತ್ತು ಇಂಗ್ಲಿಷೇ ಇರಲಿ.

ಆ ೪೮ ಅಂಕಿಗಳ ವಿಷಯಕ್ಕೆ ಮತ್ತೆ ಬರಬೇಕು. ಮನೆಗಳಲ್ಲಿ ಇನ್ನು ಮುಂದೆ ಕಣ್ಣೀರು ಬರುವುದು ಹೆಚ್ಚಾಗಿ ಇದರಿಂದಲೇ ಎಂದು ನಮ್ಮ ಎಣಿಕೆ. ಹಿಂದೆ ಯಂತ್ರ ಸತ್ತರೂ ಡಿಸ್ಕನ್ನು ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿಟ್ಟು ಇನ್ನೊಂದು ಯಂತ್ರಕ್ಕೆ ಜೋಡಿಸಿದರೆ ಬರಹ ಸಿಗುತ್ತಿತ್ತು. ಇಲ್ಲವೆ ಉಬುಂಟುವಿನಂಥ ಉಚಿತ ವ್ಯವಸ್ಥೆಯನ್ನು ಪೆನ್ ಡ್ರೈವಿನಿಂದ ಎಬ್ಬಿಸಿ ಕಡತಗಳನ್ನು ಹೊರಗೆ ತೆಗೆಯುತ್ತಿದ್ದರು. ಈ ಎರಡು ದಾರಿಗಳೂ ಇಂದಿಗೂ ಒಳ್ಳೆಯವೇ, ಡಿಸ್ಕಿಗೆ ಬೀಗವಿಲ್ಲದಿದ್ದರೆ. ೨೦೨೪ರಲ್ಲಿ ಬಂದ ವಿಂಡೋಸ್ ೧೧ರ ೨೪ಎಚ್೨ ಆವೃತ್ತಿಯಿಂದೀಚೆಗೆ ಹೊಸದಾಗಿ ಸ್ಥಾಪಿಸಿದ ಬಹುತೇಕ ಯಂತ್ರಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದೊಡನೆ ಈ ಬೀಗ ತಾನಾಗಿಯೇ ಬೀಳುತ್ತದೆ. ಕಳ್ಳನಿಗೆ ನಮ್ಮ ಕಾಗದಗಳು ಸಿಗಬಾರದೆಂಬುದು ಅದರ ಉದ್ದೇಶ, ಒಳ್ಳೆಯದೇ. ಆದರೆ ಕೀಲಿಸಂಖ್ಯೆ ಎಲ್ಲಿದೆ? ಆ ಖಾತೆಯಲ್ಲಿದೆ. ಖಾತೆ ಯಾರದು? ಲ್ಯಾಪ್‌ಟಾಪನ್ನು ಕೊಂಡ ಮಗನದು. ಮಗ ಈಗ ಅಮೆರಿಕದಲ್ಲಿ, ಅಲ್ಲಿ ನಡುರಾತ್ರಿ, ಆ ಖಾತೆಯ ಗುಪ್ತಪದ ಅವನಿಗೂ ಮರೆತಿದೆ! ಯಂತ್ರ ಚೆನ್ನಾಗಿರುವಾಗಲೇ ಆ ಖಾತೆಯನ್ನು ತೆರೆದು ೪೮ ಅಂಕಿಗಳನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಟ್ರಂಕಿನಲ್ಲಿಡಿ. ಲ್ಯಾಪ್‌ಟಾಪಿನ ಒಳಗೇ ಬರೆದಿಟ್ಟವರೂ ಉಂಟು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತಾಯಿತು. ಬರಹದ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಟ್ಟವರಿಗೆ ಈ ಯಾವ ಚಿಂತೆಯೂ ಇಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೈಲಾದುದನ್ನೆಲ್ಲ ಮಾಡಿಯೂ ಆಗದಿದ್ದರೆ ರಿಪೇರಿಯ ಅಂಗಡಿ. ಮಣಿಕೊಂಡದಲ್ಲೇ ಬೀದಿಗೊಂದಿದೆ, ಹಳಬರು ಸಿಕಂದರಾಬಾದಿನ ಪಾರ್ಕ್ ಲೇನಿನಲ್ಲಿರುವ ಚಿನಾಯ್ ಟ್ರೇಡ್ ಸೆಂಟರಿಗೇ ಹೋಗುತ್ತಾರೆ. ಎಲ್ಲಿಗಾದರೂ ಹೋಗಿ. ಯಂತ್ರವನ್ನು ಕೈಗೆ ಕೊಡುವ ಮೊದಲು ಬರಹ ಬೇಕೆಂದು ಬಾಯಿಬಿಟ್ಟು ಹೇಳಿ, ರಸೀತಿಯ ಮೇಲೂ ಬರೆಸಿ. ಕಲಬುರಗಿಯ ಕಡೆಯವರಿಗೆ ಇಲ್ಲಿನ ದಖ್ಖನಿ ಉರ್ದು ಮನೆಮಾತಿನಷ್ಟೇ ಸಲೀಸು. ಹಾಸನ, ಮೈಸೂರಿನ ನಮ್ಮವರು ಅಂಗಡಿಯಲ್ಲಿ ತಡವರಿಸುವುದುಂಟು. ಅವರಿಗಾಗಿ ಒಂದೇ ತೆಲುಗು ವಾಕ್ಯ: ‘ಡೇಟಾ ಪೋಕೂಡದು.’ ಕಲಿಯುವುದಕ್ಕೆ ಕಷ್ಟವೇನೂ ಇಲ್ಲ. ಹಳಗನ್ನಡದಲ್ಲಿ ನಾವೂ ‘ಪೋಗು’ ಎನ್ನುತ್ತಿದ್ದವರೇ. ‘ಕೂಡದು’ ಇಂದಿಗೂ ನಮ್ಮದೇ. ಮೊದಲು ಕಡತಗಳ ಪ್ರತಿ, ಆಮೇಲೆ ವಿಂಡೋಸು, ಈ ಕ್ರಮಕ್ಕೆ ಒಪ್ಪದ ಅಂಗಡಿಯಿಂದ ಯಂತ್ರವನ್ನು ಎತ್ತಿಕೊಂಡು ಬನ್ನಿ.

ಬರಹ ಮರಳಿ ಬಂದ ಮೇಲೂ ಕೆಲವರು ಗಾಬರಿಯಾಗುವುದನ್ನು ಕಂಡಿದ್ದೇವೆ. ತಂದೆ ಬರೆದಿಟ್ಟ ಕನ್ನಡ ಲೇಖನವನ್ನು ಹೊಸ ಯಂತ್ರದಲ್ಲಿ ತೆರೆದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಚೆಲ್ಲಿರುತ್ತವೆ. ಕಡತ ಕೆಟ್ಟಿದೆಯೆಂದು ಅಳಿಸಿಬಿಡಬೇಡಿ. ಕನ್ನಡ ಗಣಕ ಪರಿಷತ್ತಿನ ನುಡಿ, ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ಇವುಗಳ ಹಳೆಯ ಅಕ್ಷರರೂಪಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದರು. ಆ ಅಕ್ಷರರೂಪ ಹೊಸ ಯಂತ್ರದಲ್ಲಿಲ್ಲ, ಅಷ್ಟೆ. ಅದನ್ನು ಹಾಕಿದರೆ ಕನ್ನಡ ಮೂಡುತ್ತದೆ. ಇಲ್ಲವೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಾಯಿಸಿಕೊಂಡರೆ ಮುಂದೆ ಯಾವ ಯಂತ್ರದಲ್ಲಾದರೂ ಓದಬಹುದು. ಇಂಥ ಹಳೆಯ ಕಡತಗಳು ಯಾರಲ್ಲಾದರೂ ಇದ್ದರೆ ಪೆನ್ ಡ್ರೈವಿನಲ್ಲಿ ತನ್ನಿ. ಊಟಕ್ಕೆ ಮುಂಚೆ ಒಂದಿಷ್ಟನ್ನು ಇಲ್ಲಿಯೇ ಬದಲಾಯಿಸಿ ನೋಡೋಣ.